ದಕ್ಕೆಯ ಮೇಲೆ ನಿಂತದ್ದು ಯಾರು?

‘ನಾನು’ ಎಂಬುದು ಅಪಾಯದ ಪದ ಎಂದು ನನಗೆ ಕಲಿಸಿದ್ದು ವೇದಾಂತವಲ್ಲ, ಸುದ್ದಿಮನೆ. ಕುಮಟಾದಿಂದ ಭಟ್ಕಳದವರೆಗೆ ಇಷ್ಟು ವರ್ಷ ಓಡಾಡಿ ಬರೆದ ವರದಿಗಳಲ್ಲಿ ಒಂದರಲ್ಲೂ ನಾನಿಲ್ಲ. ನೆರೆ ಬಂದಾಗ ನೀರಿನಲ್ಲಿ ನಿಂತೇ ಟಿಪ್ಪಣಿ ಮಾಡಿಕೊಂಡಿದ್ದೇನೆ. ಆಗಲೂ ‘ನೀರು ಸೊಂಟದ ಮಟ್ಟಕ್ಕೆ ಏರಿತ್ತು’ ಎಂದು ಬರೆದೆನೇ ಹೊರತು ಅದು ಯಾರ ಸೊಂಟ ಎಂದು ತಿಳಿಸಲಿಲ್ಲ. ಕಂಡದ್ದನ್ನು ಮಾತ್ರ ಬರೆಯಬೇಕು, ಕಂಡವನು ಕಾಣಬಾರದು. ಭಟ್ಕಳದ ಶಾಲೆಯೊಂದರ ವಾರ್ಷಿಕೋತ್ಸವದಲ್ಲಿ ಮುಖ್ಯ ಅತಿಥಿಗಳು ತಾಯಂದಿರ ತ್ಯಾಗದ ಬಗ್ಗೆ ಮಾತನಾಡಿದಾಗ, ಮೂರನೆಯ ಸಾಲಿನಲ್ಲಿದ್ದ ಮಹಿಳೆಯೊಬ್ಬರು ನೇರಳೆ ಸೆರಗಿನಿಂದ ಕಣ್ಣೊರೆಸಿಕೊಂಡದ್ದು ಇವತ್ತಿಗೂ ನನ್ನ ಕಣ್ಣಿಗೆ ಕಟ್ಟಿದಂತಿದೆ. ವರದಿಯಲ್ಲಿ ಮಾತ್ರ ‘ಸಭಿಕರು ಭಾವುಕರಾದರು’ ಎಂಬ ಎರಡೇ ಪದ. ಶಿಸ್ತು ಎಂದರೆ ಅದು.

ಇಂಥ ಶಿಸ್ತಿನ ಮನುಷ್ಯನ ಸಹಾಯ ಬೇಕೆಂದು ನನ್ನ ಮಗಳು ವೀಣಾ ತಾನಾಗಿಯೇ ಕೇಳಿದಳು. ಅವಳು ಹೊನ್ನಾವರದ ಕಾಲೇಜಿಗೆ ದಿನಾ ಬಸ್ಸಿನಲ್ಲಿ ಹೋಗಿ ಬಿ.ಎ. ಓದುತ್ತಿದ್ದಾಳೆ. ಕನ್ನಡ ಮೇಡಂ ಒಂದು ಕಾದಂಬರಿ ಕೊಟ್ಟು, ಅದರ ನಿರೂಪಣೆಯ ದನಿ ಮತ್ತು ತಂತ್ರಗಳ ಬಗ್ಗೆ ಪ್ರಬಂಧ ಬರೆದು ತರಗತಿಯಲ್ಲಿ ಮಂಡಿಸಬೇಕು ಎಂದಿದ್ದರು. ಆಂತರಿಕ ಅಂಕಗಳೆಲ್ಲ ಅದರ ಮೇಲೆಯೇ ನಿಂತಿದ್ದವು. ಮೀನುಗಾರರ ಕೇರಿಯಲ್ಲಿ ಬೆಳೆದ ಹುಡುಗಿಯೊಬ್ಬಳು ದೊಡ್ಡವಳಾದ ಮೇಲೆ ತನ್ನ ಬಾಲ್ಯವನ್ನು ತಾನೇ ಹೇಳುವ ಕಾದಂಬರಿ ಅದು. ಪುಟ ಪುಟಕ್ಕೂ ‘ನಾನು’.

ಕೆಂಪು ಪೆನ್ನು ಹಿಡಿದು ಓದಿದೆ. ನಾಲ್ಕನೆಯ ಅಧ್ಯಾಯದಲ್ಲಿ ಅಪ್ಪನ ದೋಣಿ ಗಾಳಿಗೆ ಸಿಕ್ಕಿ ತಡವಾದ ದಿನ ಹುಡುಗಿ ಕತ್ತಲಾಗುವವರೆಗೆ ದೋಣಿ ಕಟ್ಟುವ ದಕ್ಕೆಯ ಮೇಲೆ ನಿಂತು ಕಾಯುತ್ತಾಳೆ. ಹದಿನೈದನೆಯ ಅಧ್ಯಾಯದಲ್ಲಿ ಅವಳೇ, ಆ ದಿನ ಜ್ವರ ಬಂದು ಮನೆಯಲ್ಲೇ ಕಂಬಳಿ ಹೊದ್ದು ಮಲಗಿದ್ದೆ ಎನ್ನುತ್ತಾಳೆ! ನನಗಾದ ಸಂತೋಷ ಹೇಳತೀರದು. ಅಚ್ಚಾದ ಪುಸ್ತಕದಲ್ಲಿ ತಪ್ಪು ಸಿಕ್ಕಿದರೆ ಸುದ್ದಿಮನೆಯ ಡೆಸ್ಕಿನಲ್ಲೂ ಕೆಲಕಾಲ ಕೂತು ತಪ್ಪು ತಿದ್ದಿ ಬಂದವನಿಗೆ ಹಬ್ಬದೂಟ ಸಿಕ್ಕಂತೆ. ವೀಣಾ ಬರೆದಿದ್ದ ಎಂಟು ಪುಟಗಳನ್ನು ಎರಡಕ್ಕೆ ಇಳಿಸಿದೆ. ‘ನಾಯಕಿಯು ತೀವ್ರ ದುಃಖಕ್ಕೆ ಒಳಗಾಗಿದ್ದಳು ಎನ್ನಲಾಗಿದೆ. ಆದರೆ ಘಟನೆಯ ವೇಳೆ ಆಕೆ ಸ್ಥಳದಲ್ಲಿ ಇರಲಿಲ್ಲ ಎಂದು ತಿಳಿದುಬಂದಿದೆ’ ಎಂದು ಸೇರಿಸಿದೆ. ಮಗಳು ಬಸ್ಸಿನ ಅವಸರದಲ್ಲಿ ಅದನ್ನು ಹಾಗೆಯೇ ಚೀಲಕ್ಕೆ ತುರುಕಿಕೊಂಡು ಹೋದಳು.

ಶನಿವಾರ ಪ್ರಬಂಧ ಹಿಂದೆ ಬಂತು. ಮೇಲುಗಡೆ ಮೇಡಂ ಬರೆದಿದ್ದರು: ‘ಇದು ವಿಮರ್ಶೆಯೋ, ಪಂಚನಾಮೆಯೋ? ಸೋಮವಾರ ಹೊಸದಾಗಿ ಬರೆದು ತರುವುದು. ಇಲ್ಲದಿದ್ದರೆ ಅಂಕವಿಲ್ಲ.’

“ಅಪ್ಪಾ, ನೀ ಎಂತ ಮಾಡಿಟ್ಟೆ?” ಎಂದಳು ವೀಣಾ. “ಓದೂಕೆ ಶುರು ಮಾಡಿದ್ದೇ ತಡ, ಇಡೀ ಕ್ಲಾಸು ನಗಾಡ್ತು.”

“ತಪ್ಪು ಇರೋದು ಕಾದಂಬರೀಲಿ. ಹುಡುಗಿ ಅಲ್ಲಿ ಇರಲೇ ಇಲ್ಲ.”

“ಇರದಿದ್ರೂ ಯಾಕೆ ಇದ್ದೆ ಅಂತಾಳೆ, ಅದೇ ಪ್ರಶ್ನೆ! ಅದನ್ನೇ ನೀ ಹೊಡೆದು ಹಾಕಿದ್ದೆ.” ಅಷ್ಟು ಹೇಳಿ ಕೋಣೆಯ ಬಾಗಿಲು ಹಾಕಿಕೊಂಡಳು. ಮತ್ತೆ ಮಾತಿಲ್ಲ. ರಾತ್ರಿ ಊಟಕ್ಕೆ ಕರೆದಾಗಲೂ ತಾಯಿಯ ಮೂಲಕವೇ ಹೇಳಿಕೆ ಬಿಡುಗಡೆಯಾಯಿತು.

ಭಾನುವಾರ ಬೆಳಿಗ್ಗೆ ಮೀನು ಮಾರುವ ಮಾದೇವಿಯಕ್ಕ ಬಂದು ಜಗಲಿಯ ಮುಂದೆ ಬುಟ್ಟಿ ಇಳಿಸಿದಳು. ಅವಳ ತವರು ತೆಂಗಿನಗುಂಡಿ ಬಂದರು. ಹುಟ್ಟಿನಿಂದ ದೋಣಿ ಕಂಡವಳು. ನನ್ನ ಪಕ್ಷಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕೆ? ಕೋಣೆಗೆ ಕೇಳುವಂತೆ ಗಟ್ಟಿಯಾಗಿ ಕೇಳಿದೆ: “ಮಾದೇವಿಯಕ್ಕಾ, ಒಂದು ಹುಡುಗಿ ದಕ್ಕೆ ಮೇಲೆ ನಿಂತು ಅಪ್ಪನ ದೋಣಿ ಕಾದೆ ಅಂತದೆ. ಆಮೇಲೆ ಮನೇಲಿ ಮಲಗಿದ್ದೆ ಅಂತದೆ. ಯಾವುದು ಖರೆ?”

“ಎರಡೂ ಖರೆ.”

“ಅದು ಹ್ಯಾಗೆ?”

“ಅಯ್ಯ, ನಂಗೂ ಹಂಗೇ ಅಲ್ಲಾ? ಅಪ್ಪನ ದೋಣಿ ಎರಡು ದಿನ ಬರ್ಲಿಲ್ಲ. ನಾ ದಕ್ಕೆ ಮೇಲೆ ನಿಂತವ್ಳು ಕದಲಲಿಲ್ಲ. ಗಾಳಿ ಅಂದ್ರೆ ಎಂಥಾ ಗಾಳಿ! ಕಣ್ಣಿಗೆಲ್ಲ ಹೊಯ್ಗೆ.” ಹೇಳುತ್ತಲೇ ಮರಳು ಬಿದ್ದವಳಂತೆ ಕಣ್ಣುಜ್ಜಿಕೊಂಡಳು.

ಅಭ್ಯಾಸಬಲ. “ಆಗ ನಿಂಗೆ ಎಷ್ಟು ವರ್ಷ?” ಎಂದೆ.

“ವರ್ಷ ಎಲ್ಲಿಂದ? ನಾ ಹುಟ್ಟಿದ್ದೇ ಅದಾಗಿ ಎರಡು ತಿಂಗಳಿಗೆ.”

“ಹಾಗಾದ್ರೆ ನಿಂತಿದ್ದು ನೀನಲ್ಲ.”

“ನಾನಲ್ದೆ ಮತ್ಯಾರು? ಅವ್ವಿ ನಿಂತಿತ್ತು, ನಾ ಒಳಗಿದ್ದೆ! ಎಂತ ಪೇಪರಣ್ಣಾ, ಇಷ್ಟೂ ತಿಳೀದಾ ನಿಮ್ಗೆ? ಬಂಗ್ಡೆ ಎಷ್ಟು ಹಾಕ್ಲಿ?”

ಕೋಣೆಯ ಬಾಗಿಲು ಧಡ್ಡೆಂದು ತೆರೆಯಿತು. ನೋಟ್‌ಬುಕ್ ಹಿಡಿದು ಓಡಿಬಂದ ವೀಣಾ ಕೇಳಿದಳು: “ಮಾದೇವಿಯಕ್ಕಾ, ನಿಮ್ಮಪ್ಪ ಬಂದ್ರಾ?”

“ಬಂತಲೆ. ಮೂರನೇ ದಿನ. ಅವ್ವಿ ಎದುರು ನಿಂತ್ಕಂಡು ‘ಉಣ್ಣೂಕೆ ಎಂತ ಉಂಟು’ ಕೇಳ್ತಂತೆ. ಅವ್ವಿ ಪೊರಕೆ ತಗಂಡು ಬಂತಂತೆ.”

ನಾನು ಬಂಗಡೆ ಎಣಿಸಿ ತೆಗೆದುಕೊಂಡೆ. ಸಾಕ್ಷಿಯ ವಯಸ್ಸು ಕೇಳಿದ್ದೆ. ಸಮುದ್ರಕ್ಕೆ ಹೋದ ಮನುಷ್ಯ ಬದುಕಿ ಬಂದನೇ ಎಂದು ಕೇಳಲು ನನಗೆ ಹೊಳೆದಿರಲಿಲ್ಲ.

ಅವತ್ತು ಇಡೀ ದಿನ ಕೂತು ವೀಣಾ ಹೊಸ ಪ್ರಬಂಧ ಬರೆದಳು. ಹೆದರಿದ ಮಗು ಕಂಬಳಿಯೊಳಗಿಂದಲೇ ದಕ್ಕೆಗೆ ಹೇಗೆ ಹೋಗಿಬರುತ್ತದೆ, ದೊಡ್ಡವಳಾದವಳು ಅದನ್ನು ಹದಿನೈದನೆಯ ಅಧ್ಯಾಯದವರೆಗೆ ಯಾಕೆ ಬಚ್ಚಿಡುತ್ತಾಳೆ ಎಂದೆಲ್ಲ ಹನ್ನೊಂದು ಪುಟ. ಸೋಮವಾರ ಮಂಡಿಸಿ ಬಂದವಳ ಮುಖದಲ್ಲೇ ಅಂಕ ಕಾಣುತ್ತಿತ್ತು. “ಮಾದೇವಿಯಕ್ಕನ ‘ನಾ ಒಳಗಿದ್ದೆ’ ಅನ್ನೂದನ್ನ ಮೇಡಂ ಎರಡು ಸಲ ಓದಿಸಿದ್ರು” ಎಂದಳು. ನನ್ನೊಡನೆ ಮತ್ತೆ ಮಾತು ಶುರುವಾಯಿತು.

ಆ ಧೈರ್ಯದಲ್ಲೇ ಜೀವನದಲ್ಲಿ ಮೊದಲ ಬಾರಿಗೆ ‘ನಾನು’ ಎಂದು ಶುರುಮಾಡಿ ಇಷ್ಟನ್ನು ಬರೆದೆ. ವೀಣಾಳ ಕೈಗೆ ಕೊಟ್ಟೆ. ಅವಳು ಕೆಂಪು ಪೆನ್ನು ಹುಡುಕಿಕೊಂಡು ಕೂತಳು.

“ನಾ ನಿನ್ನ ಸಹಾಯ ಕೇಳಲೇ ಇಲ್ಲ. ಕೇಳಿದ್ದು ಸ್ಟೇಪ್ಲರ್.”

“ಆತು, ಮುಂದೆ?”

ಅವಳು ಎದ್ದು ಹೋಗಿ ನನ್ನ ಹಳೆಯ ಪತ್ರಿಕಾ ತುಣುಕುಗಳ ಕಡತ ತಂದು, ಅದರಲ್ಲೊಂದು ಹಳದಿ ತುಂಡನ್ನು ನನ್ನ ಮುಂದೆ ಇಟ್ಟಳು. ‘ತಿದ್ದುಪಡಿ: ಭಟ್ಕಳದ ಶಾಲಾ ವಾರ್ಷಿಕೋತ್ಸವದ ವರದಿಯಲ್ಲಿ ಮುಖ್ಯ ಅತಿಥಿಗಳು ಮಾತನಾಡಿದರು ಎಂದು ಪ್ರಕಟವಾಗಿದೆ. ಅವರು ಸಮಾರಂಭಕ್ಕೆ ಬಂದಿರಲಿಲ್ಲ. ಪ್ರಮಾದಕ್ಕೆ ವಿಷಾದಿಸುತ್ತೇವೆ.’

ಅವರು ಬಂದಿರಲಿಲ್ಲ. ನಿಜ ಹೇಳಬೇಕೆಂದರೆ, ನಾನೂ ಹೋಗಿರಲಿಲ್ಲ. ಆಮಂತ್ರಣ ಪತ್ರಿಕೆ ನೋಡಿಕೊಂಡು ಮನೆಯಲ್ಲೇ ಬರೆದು ಕಳಿಸಿದ್ದೆ.

“ತಿದ್ದಲಾ?” ಎಂದೆ.

“ಬ್ಯಾಡ, ಹಂಗೇ ಇರ್ಲಿ. ಹದಿನೈದನೇ ಅಧ್ಯಾಯದಲ್ಲಿ ಹೇಳು” ಎಂದು ಪೆನ್ನಿನ ಕ್ಯಾಪು ಹಾಕಿದಳು.

ಆದ್ದರಿಂದ ಓದುಗರ ಗಮನಕ್ಕೆ: ಮೂರನೆಯ ಸಾಲಿನಲ್ಲಿ ಅಂಥ ಮಹಿಳೆ ಯಾರೂ ಕೂತಿರಲಿಲ್ಲ. ಸೆರಗು ಮಾತ್ರ ನೇರಳೆಯದೇ. ಅದರಲ್ಲಿ ತಿದ್ದುಪಡಿ ಇಲ್ಲ.