ತವರಿಲ್ಲದ ವೈರು

ನಮ್ಮ ಮಾವನಷ್ಟು ಧಾರಾಳಿ ಅರಸೀಕೆರೆ ತಾಲ್ಲೂಕಿನಲ್ಲೇ ಇನ್ನೊಬ್ಬರಿಲ್ಲ. ನಂಬಿಕೆ ಬರದಿದ್ದರೆ ಅವರ ಜೀಪಿನ ಡ್ಯಾಶ್‌ಬೋರ್ಡಿನ ಕೆಳಗೆ ತಲೆ ಹಾಕಿ ನೋಡಿ. ಒಂದಿಡೀ ಹಳ್ಳಿಗೆ ದೀಪ ಹಾಕಿಸುವಷ್ಟು ವೈರು ಅಲ್ಲಿದೆ!

ಮಾವ ಅಂದರೆ ನನ್ನ ಅಮ್ಮನ ಅಣ್ಣ, ಕೊಬ್ಬರಿ ವ್ಯಾಪಾರಿ. ಮದುವೆಯಾದ ವರ್ಷ ಕೊಂಡ ಜೀಪು. ಮೂವತ್ತು ವರ್ಷದಿಂದ ಅದಕ್ಕೆ ಹಾಕಿಸುತ್ತಲೇ ಇದ್ದಾರೆ, ಬಿಚ್ಚಿಸಿದ್ದು ಮಾತ್ರ ಒಂದೂ ಇಲ್ಲ. ಫ್ಯಾನು, ಫಾಗ್ ಲೈಟು (ನಮ್ಮೂರು ಬಾಣಾವರದಲ್ಲಿ ಅಂಥಾ ಮಂಜು ಯಾವಾಗ ಬೀಳುತ್ತದೆ ಅಂತ ನನ್ನನ್ನು ಕೇಳಬೇಡಿ), ಎರಡು ಹಾರ್ನು. ಈ ವರ್ಷ ಮೂರನೆಯದೂ ಬಂತು, ರೈಲಿನ ಥರ ಕೂಗುವುದು. ಯಾಕೆ ಮಾವ ಅಂದರೆ, "ಮೊದಲಿನವೆರಡೂ ಈಚೆಗೆ ಮೆತ್ತಗೆ ಕೂಗ್ತಾವೆ ಕಣ್ಲಾ" ಅಂದರು. ನಾನು ಹೊಟ್ಟೆ ಹಿಡಿದುಕೊಂಡು ನಕ್ಕಿದ್ದೆ.

ಎಲ್ಲಕ್ಕೂ ಕೆಂಪು ವೈರೇ! "ಗಾಡಿಗೆ ಯಾರಾದ್ರೂ ಕಪ್ಪು ಕಟ್ತಾರೇನ್ಲಾ? ಕೆಂಪು ಶುಭ!" ಆ ಶುಭವನ್ನೆಲ್ಲ ಕೊಬ್ಬರಿ ಚೀಲ ಹೊಲಿಯುವ ದಾರದಲ್ಲಿ ಬಿಗಿದು ಕಟ್ಟಿದ್ದರು. ಹಾಗಾಗಿ ಹಾರ್ನ್ ಒತ್ತಿದರೆ ವೈಪರ್ ಓಡುತ್ತಿತ್ತು, ವೈಪರ್ ಬೇಕಾದರೆ ಹಾರ್ನ್ ಒತ್ತಬೇಕಾಗಿತ್ತು. ಮಳೆಗಾಲದಲ್ಲಿ ಬೇಲೂರಿನವರೆಗೂ ಕೂಗಿಸಿಕೊಂಡೇ ಪ್ರಯಾಣ! ಒಮ್ಮೆ ರೈಲ್ವೆ ಗೇಟಿನಲ್ಲಿ ಸೆಕೆ ಅಂತ ಫ್ಯಾನಿನ ಸ್ವಿಚ್ ಹಾಕಿದರು. ಕೂಗಿದ್ದು ರೈಲು ಹಾರ್ನು. ಗೇಟಿನ ಕೆಳಗೆ ನುಸುಳುತ್ತಿದ್ದ ಬೈಕಿನವರೆಲ್ಲ ಎದ್ದೆವೋ ಬಿದ್ದೆವೋ ಅಂತ ಹಿಂದಕ್ಕೆ ಬಂದರು. "ನೋಡ್ದೇನ್ಲಾ, ಬೋರ್ಡು ಹಾಕಿದ್ರೂ ಕೇಳದ ಜನ ನನ್ನ ಫ್ಯಾನಿನ ಮಾತು ಕೇಳಿದ್ರು!" ಎಂದು ಮಾವ ಮೀಸೆ ತಿರುವಿದರು.

ಹೋದ ತಿಂಗಳು ಹಳೇಬೀಡಿನ ಮದುವೆಗೆ ಹೋಗಿ ಬರುವಾಗ ಡ್ಯಾಶ್‌ಬೋರ್ಡಿನಿಂದ ಹೊಗೆ ಎದ್ದಿತಂತೆ. ಮನೆ ಮುಂದೆ ಜೀಪಿನಿಂದಿಳಿದ ಅತ್ತೆ, "ಇನ್ಮೇಲೆ ನಾನು ಬಸ್ಸಲ್ಲೇ ಓಡಾಡೋದು" ಅಂದರು. ಮಾವ ನಕ್ಕರು. ಮುಂದಿನ ಸೋಮವಾರ ಬೇಲೂರಿನ ತಂಗಿ ಮನೆಗೆ ಅತ್ತೆ ನಿಜವಾಗಿಯೂ ಬಸ್ಸು ಹತ್ತಿದರು! ಮಾವನ ನಗು ನಿಂತಿತು. ಅತ್ತೆಯ ಸೀಟಿನ ಮೇಲೆ ಒಂದು ಕೊಬ್ಬರಿ ಚೀಲವನ್ನೂ ಇಡಲು ಬಿಡದ ಮನುಷ್ಯ ಅವರು. ಅವತ್ತು ಮುದ್ದೆಯನ್ನು ಅರ್ಧಕ್ಕೇ ಬಿಟ್ಟೆದ್ದರು. "ಹೊಗೆಗೆ ಹೆದರಿದಾಳೆ. ವೈರಿಂಗ್ ಪೂರ್ತಿ ಸರಿ ಮಾಡಿಸ್ತೀನಿ. ಆಮೇಲೆ ಕೂರದೆ ಏನ್ ಮಾಡ್ತಾಳೆ?"

ವೈರಿಂಗ್ ಮಾಡುವ ನಿಂಗರಾಜ ಬಂದ. ಟಾರ್ಚ್ ಹಿಡಿಯುವ ಕೆಲಸ ನನ್ನದು. ಒಳಗೆ ನೋಡಿದವನೇ ತಲೆ ಮೇಲೆ ಕೈ ಹೊತ್ತುಕೊಂಡ. "ಯಜಮಾನ್ರೇ, ಇದ್ರಲ್ಲಿ ಯಾವ್ದು ಯಾವ್ದರ ವೈರು?"

"ಸುಲಭ ಐತೆ. ಪ್ರತಿ ವೈರಿಗೂ ಒಂದು ತವರುಮನೆ, ಒಂದು ಗಂಡನ ಮನೆ. ಬ್ಯಾಟರಿ ತವರು. ಲೈಟು, ಫ್ಯಾನು ಗಂಡನ ಮನೆ. ಹಿಡ್ಕೊಂಡು ಹೋಗು."

ನಿಂಗರಾಜ ಹಿಡಿದುಕೊಂಡು ಹೋದ. "ಇದಕ್ಕೆ ತವರು ಐತೆ, ಗಂಡನ ಮನೆ ಇಲ್ವಲ್ಲ?"

"ಹಳೇ ಟೇಪ್ ರೆಕಾರ್ಡರ್‌ದು. ಗಂಡ ತೀರ್ಕೊಂಡ, ಪಾಪ."

"ಇದಕ್ಕೆ ಹಾರ್ನು, ವೈಪರ್ರು, ಎರಡೆರಡು ಗಂಡನ ಮನೆ!"

"ಮೆಲ್ಲಗೆ ಹೇಳ್ಲಾ, ಮರ್ಯಾದಸ್ಥರ ಗಾಡಿ!"

ಮಧ್ಯಾಹ್ನದ ಹೊತ್ತಿಗೆ ಒಂದು ಮಂಕರಿ ವೈರು ಹೊರಗೆ ಬಿತ್ತು. ಉಳಿದವಕ್ಕೆ ಬಣ್ಣ ಬಣ್ಣದ ಟೇಪು, ಒಂದೊಂದಕ್ಕೂ ಫ್ಯೂಸು. ಕೊನೆಗೆ ಅತ್ತೆಯ ಸೀಟಿನ ಮುಂದಿನ ಸ್ವಿಚ್ಚಿನಿಂದ ಗೇಣುದ್ದದ ಒಂದು ವೈರು ಕೈಗೆ ಬಂತು. "ಇದಕ್ಕೆ ತವರೂ ಇಲ್ಲ, ಗಂಡನ ಮನೇನೂ ಇಲ್ಲ. ಕತ್ತರಿಸ್ಲಾ?"

ಮಾವ ಅವನ ಕೈ ಗಪ್ಪನೆ ಹಿಡಿದುಕೊಂಡರು. ಬಾಗಿಲ ಕಡೆ ನೋಡಿ ಪಿಸುಗುಟ್ಟಿದರು. (ಅವರ ಪಿಸುಮಾತು ಈಚೆಗೆ ಅಡುಗೆಮನೆಗೂ ಕೇಳಿಸುತ್ತದೆ.) "ಹೊಸದ್ರಲ್ಲಿ ಅವಳಿಗೆ ಸ್ಪೀಡ್ ಅಂದ್ರೆ ಭಯ ಕಣ್ರೋ. ಈ ಸ್ವಿಚ್ ಒತ್ತಿದ್ರೆ ಗಾಡಿ ನಿಧಾನ ಆಗುತ್ತೆ ಅಂತ ಹೇಳಿ ಹಾಕಿಸ್ದೆ. ಟಕ್ ಅಂದ ಕೂಡ್ಲೆ ನಾನೇ ಆಕ್ಸಿಲರೇಟರ್ ಮೇಲಿಂದ ಕಾಲು ತೆಗೀತಿದ್ದೆ. ಅವಳಿಗೆ ಇವತ್ತಿಗೂ ಗೊತ್ತಿಲ್ಲ, ಬಾಯಿ ಬಿಡಬೇಡಿ."

"ಗೊತ್ತಿಲ್ದೆ ಏನು?" ಕಾಫಿ ಲೋಟ ಹಿಡಿದು ಅತ್ತೆ ಹಿಂದೆಯೇ ನಿಂತಿದ್ದರು. "ನಿಮ್ಮ ಕಾಲು ಏಳೋದನ್ನ ಮೊದಲನೇ ವಾರವೇ ನೋಡಿದೀನಿ. ಆದ್ರೆ ಮೊನ್ನೆ ಹಳೇಬೀಡಿನ ತಿರುವಲ್ಲಿ ಆರು ಸಲ ಒತ್ತಿದೆ ಕಣ್ರೀ. ಒಂದು ಸಲಾನೂ ಕಾಲು ಏಳಲಿಲ್ಲ. ನನ್ನ ಮಾತು ಬೇಡವಾಯ್ತೇನೋ ಅಂದ್ಕೊಂಡೆ."

ಮಾವ ಅತ್ತೆಯ ಕಡೆ ತಿರುಗಿದರು. "ಒತ್ತಿದ್ಯಾ? ನನಗೆ ಕೇಳಿಸಲೇ ಇಲ್ವಲ್ಲೇ."

ಮೂರನೇ ಹಾರ್ನಿಗೆ ನಕ್ಕಿದ್ದು ಆಗ ನೆನಪಾಯಿತು. ನನಗೆ ನಾಚಿಕೆಯಾಯಿತು.

ನಿಂಗರಾಜ ಡಬ್ಬಿಯಿಂದ ಪುಟ್ಟ ಕೆಂಪು ಬಲ್ಬು ತೆಗೆದು ಮಾವನ ಸ್ಟೇರಿಂಗಿನ ಎದುರಿಗೆ ಕೂರಿಸಿದ. ಬ್ಯಾಟರಿಯಿಂದ ಒಂದು ವೈರು ಎಳೆದು ಸ್ವಿಚ್ಚಿಗೆ ಕೊಟ್ಟು, ಅನಾಥ ವೈರನ್ನು ಉದ್ದ ಮಾಡಿ ಬಲ್ಬಿಗೆ ಸೇರಿಸಿದ. "ಈಗ ಎರಡೂ ಮನೆ ಆದವು, ಅಮ್ಮಾರೇ. ಒತ್ತಿ ನೋಡಿ."

ಅದರ ಮುಂದಿನ ಸೋಮವಾರ ಅತ್ತೆ ತಮ್ಮ ಸೀಟಿನಲ್ಲೇ ಕೂತು ಬೇಲೂರಿಗೆ ಹೊರಟರು. ಹಿಂದಿನ ಸೀಟು ನನ್ನದು. ಊರು ದಾಟಿ ಸ್ವಲ್ಪ ದೂರ ಹೋಗಿರಬೇಕು, ಬಲ್ಬು ಹತ್ತಿತು. ಮಾವನ ಕಾಲು ತಕ್ಷಣ ಎದ್ದಿತು.

"ಯಾಕೇ? ರಸ್ತೆ ಖಾಲಿ ಐತಲ್ಲ?"

"ಗೊತ್ತು ಕಣ್ರೀ," ಅತ್ತೆ ಅವರ ಕಿವಿಯ ಹತ್ತಿರ ಬಾಗಿ ಜೋರಾಗಿ ಹೇಳಿದರು. "ಸುಮ್ನೆ ಒತ್ತಿದೆ."

ಬೇಲೂರು ಬರುವವರೆಗೂ ಮಾವ ನಿಧಾನವಾಗಿಯೇ ಓಡಿಸಿದರು.