ಶಾಂಭವಿಯ ಇಂಗ್ಲಿಷ್ ಕಿವಿ

ಹದಿನೆಂಟು ವರ್ಷಗಳಿಂದ ಸಾರವಾಡದ ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸುತ್ತಿದ್ದೇನೆ. ಎಷ್ಟು ಮಂದಿ ಕಲಿತರು ಎಂದು ಕೇಳಬೇಡಿ. ಒಬ್ಬಳಂತೂ ಕಲಿತಳು, ನನ್ನ ಗೋಳಿಗೆ ಅದೇ ಕಾರಣ.

ಆಕೆ ನನ್ನ ಧರ್ಮಪತ್ನಿ ಶಾಂಭವಿ. ಮಗಳು ನೇತ್ರಾಳ ಶಾಲೆಯ ಪಾಲಕರ ಸಭೆಯಲ್ಲಿ ಮೇಡಂ ಇಂಗ್ಲಿಷಿನಲ್ಲಿ, "ನಿಮ್ಮ ಮಗಳು ದಿನಾ ತಡವಾಗಿ ಬಂದರೆ ನಡೆಯುತ್ತದೆಯೇ?" ಎಂದು ಕೇಳಿದ್ದಕ್ಕೆ ಈಕೆ ನಗುನಗುತ್ತ "ಯೆಸ್, ಯೆಸ್" ಎಂದು ಬಂದಿದ್ದಳು. ನೇತ್ರಾ ಮನೆಗೆ ಬಂದು ಅತ್ತಳು.

"ಮಾತಾಡಾಕ ಬರದಿದ್ರೂ ಚಿಂತಿಲ್ಲರಿ, ಕೇಳಿದ್ದರ ತಿಳಿಯೂ ಹಂಗ ಮಾಡ್ರಿ," ಎಂದಳು ಶಾಂಭವಿ.

ನಾನು ಆಗಷ್ಟೇ ತರಬೇತಿ ಮುಗಿಸಿ ಬಂದಿದ್ದೆ. ಹೊಸದಾಗಿ ಕಲಿಯುವವರಿಗೆ ಮೊದಲು ಕಿವಿ ತೆರೆಸಬೇಕು, ಬಾಯಿ ಆಮೇಲೆ, ಎಂಬುದು ಅಲ್ಲಿನ ಉಪದೇಶ. (ನಮ್ಮ ಮನೆಯಲ್ಲಿ ಬಾಯಿ ಮದುವೆಯ ಮರುದಿನವೇ ತೆರೆದಿತ್ತು.) ನನ್ನದೇ ಮೇಘಗಂಭೀರ ಕಂಠದಲ್ಲಿ ಹನ್ನೆರಡು ಪಾಠಗಳನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಟ್ಟೆ. ಸಣ್ಣ ವಾಕ್ಯ, ನಿಧಾನದ ಮಾತು, ಕೊನೆಗೆ ಮೂರು ಪ್ರಶ್ನೆ. ಆಕೆ ಇಯರ್‌ಫೋನ್ ಸಿಕ್ಕಿಸಿಕೊಂಡು ರೊಟ್ಟಿ ಬಡಿಯುತ್ತ ಕೇಳತೊಡಗಿದಳು.

ಸಂಜೆ ಪರೀಕ್ಷೆ.

"ಪಾಠದಾಗ ರಾಮು ಎಲ್ಲಿಗೆ ಹೋದ?"

"ಎಲ್ಲಿಗರ ಹೋಗವಲ್ಲನ್ಯಾಕ. ನನಗೇನ ಹೇಳಿ ಹೋಗ್ಯಾನ?"

ಹದಿನೈದೇ ದಿನಕ್ಕೆ ಕೈಚೆಲ್ಲಿದೆ. ಆಕೆ ಮಾತ್ರ ಇಯರ್‌ಫೋನ್ ಬಿಡಲಿಲ್ಲ. ದುಃಖ ತೋಡಿಕೊಳ್ಳಲು ನನಗೆ ಗೆಳೆಯ ಸತೀಶಕುಮಾರನಿದ್ದ. ಗಣಿತದ ಮಾಸ್ತರ, ಇಂಗ್ಲಿಷ್ ಅಷ್ಟಕ್ಕಷ್ಟೇ. ಹಾಗಾಗಿ ದಿನಾ ಶಾಂಭವಿಯ ಎದುರಿಗೇ ಕುಳಿತು, ಆಕೆಗೆ ಹೇಗೂ ತಿಳಿಯದೆಂಬ ಧೈರ್ಯದಲ್ಲಿ, ಫೋನಿನಲ್ಲಿ ಅವನಿಗೆ ಬಿಡಿಬಿಡಿಯಾದ ಇಂಗ್ಲಿಷಿನಲ್ಲಿ ಹೇಳುತ್ತಿದ್ದೆ: ನನ್ನ ಹೆಂಡತಿ ಕಲ್ಲುಬಂಡೆ. ಅವಳ ತವರಿನವರು ನನ್ನ ಕೊರಳಿಗೆ ಕಟ್ಟಿದರು. ತಿಕೋಟಾದ ಆ ಬಿ.ಎ. ಹುಡುಗಿಯನ್ನು ಬೇಡವೆಂದೆನಲ್ಲ, ಐ ರಿಗ್ರೆಟ್. ಶಾಂಭವಿ ಚಹಾ ತಂದಿಟ್ಟು ಒಳಗೆ ಹೋಗುತ್ತಿದ್ದಳು.

ಮೊನ್ನೆ ಮತ್ತೆ ಸಭೆ. ಮನೆತನದ ಮಾನ ಕಾಯಲು ನಾನೂ ಹೋದೆ. ಮೇಡಂ ಇಂಗ್ಲಿಷಿನಲ್ಲಿ ದೂರು ಶುರುಮಾಡಿದರು: ಅಂಕ ಕಡಿಮೆ, ಪ್ರಾಜೆಕ್ಟ್ ತಡ. ನಾನು ಬಾಯಿ ತೆರೆಯುವ ಮೊದಲೇ ಶಾಂಭವಿ ಕನ್ನಡದಲ್ಲಿ ಹೇಳಿದಳು:

"ವಿಜ್ಞಾನದಾಗ ಅಂಕಾ ಕಡಿಮಿ ಆಗ್ಯಾವ, ಖರೆ. ಆದ್ರ ಪ್ರಾಜೆಕ್ಟ್ ಸೋಮವಾರ ಅಲ್ಲ, ಶುಕ್ರವಾರನ ಕೊಟ್ಟಾಳರಿ. ಬೇಕಾದ್ರ ನೋಡ್ರಿ."

ಮೇಡಂ ರಜಿಸ್ಟರ್ ತಿರುವಿ "ಸಾರಿ" ಎಂದರು.

ನನ್ನ ಎದೆ ಉಬ್ಬಿತು. ಎಂಥ ಗುರು ನಾನು! ಸ್ಟೇಷನ್ ರಸ್ತೆಯಲ್ಲಿ ನೇತ್ರಾಳೂ ಸೇರಿ ಮೂವರೂ ಆಟೋ ಹತ್ತಿದ ಮೇಲೆ ಕೇಳಿದೆ: "ಇಷ್ಟು ತಿಳೀತೈತಿ, ಮನ್ಯಾಗ ಯಾಕ ಹೇಳಲಿಲ್ಲಲೇ?"

"ಹೇಳೂದಿತ್ತರಿ. ತಿಳಿಯಾಕ ಹತ್ತಿದ ದಿನಾನ ನೀವು ಫೋನಿನ್ಯಾಗ ನನಗ ಕಲ್ಲು ಅಂದ್ರಿ. ಮುಂದೇನಂತೀರಿ ಕೇಳೂಣಂತ ಸುಮ್ನಾದೆ."

ಆಟೋ ಗುಂಡಿಗಿಳಿದು ಎದ್ದಿತು. ನಾನು ಏಳಲಿಲ್ಲ.

"ಒಂದ ಶಬ್ದ ತಿಳೀಲಿಲ್ಲ. ನಿಮ್ಮ ಮಾತು ರೆಕಾರ್ಡ್ ಮಾಡಿಕೊಂಡು ನಾಕು ಸಲ ಕೇಳಿದೆ. ರಿಗ್ರೆಟ್."

"ಆಮ್ಯಾಲ?" ಎಂದೆ.

"ನೇತ್ರಾಗ ಕೇಳಿಸಿದೆ. ಆಕಿ ಅರ್ಥಾ ಹೇಳಿದ್ಲು."

ನಮ್ಮಿಬ್ಬರ ನಡುವೆ ಕುಳಿತಿದ್ದ ನೇತ್ರಾ ನನ್ನ ಮುಖ ನೋಡಲಿಲ್ಲ. "ಯವ್ವಾ, ಜರಾ ಆ ಕಡೆ ಸರಿ," ಎಂದು ತಾಯಿಗೆ ಒತ್ತಿಕೊಂಡು ಕುಳಿತಳು. ಆ ಆಟೋದಲ್ಲಿ ನನಗೆ ಬೇಕಾದಷ್ಟು ಜಾಗ ಸಿಕ್ಕಿತು.