ನಾಯಿಗೆ ಹೆದರಿ ಬಿದ್ದವರು

ಕುರುಗೋಡಿನ ಆಸ್ಪತ್ರೆಯೊಂದರಲ್ಲಿ ನಾನು ನರ್ಸ್. ನಾಯಿ ಕಚ್ಚಿದವರಿಗೆ ಸೂಜಿ ಹಾಕುವ ಕೆಲಸ ನನ್ನ ಪಾಲಿಗೆ ಬಂದಾಗಿನಿಂದ ನಾಯಿಯ ಭಯದ ಫಜೀತಿಗಳು ನಡೆಯದ ವಾರವೇ ಇಲ್ಲ. ಕಚ್ಚಿದ್ದು ನಿಜವಾದರೆ ಅದು ನಗುವ ಮಾತಲ್ಲ, ಸೂಜಿ ತಪ್ಪಿಸಿದರೆ ಜೀವವೇ ಹೋಗಬಹುದು. ಅದಕ್ಕೇ ಯಾರೇ ಬರಲಿ, ಮೊದಲು ನನ್ನ ಎದೆ ಧಸಕ್ಕೆನ್ನುತ್ತದೆ. ನಗು ಬರುವುದು ಆಮೇಲೆ.

೧. ಬರೇ ನೋಡಿದ ನಾಯಿ

ಸಿರಿಗೇರಿಯ ರೈತನೊಬ್ಬ ಕುಂಟುತ್ತ ಬಂದ. ಮೊಣಕಾಲೆಲ್ಲ ರಕ್ತ.

“ಸಿಸ್ಟರ್, ನಾ ಉಳೀತೀನಿಲ್ರಿ?”

“ಎಲ್ಲಿ ಕಚ್ಚೇತಿ, ತೋರಸ್ರಿ.”

“ಕಚ್ಚಿಲ್ರಿ. ಸಿರುಗುಪ್ಪ ರಸ್ತೆದಾಗ ನಾಯಿ ನನ್ನ ಕಡಿ ನೋಡ್ತು. ನಾನು ಅದನ್ನ ನೋಡ್ಕೊಂತ ಬೈಕ್ ಬಿಟ್ಟೆ, ಗಟಾರಕ್ಕ ಬಿದ್ದೆ.”

ಡಾಕ್ಟರೂ ನೋಡಿದರು. ಹಲ್ಲಿನ ಗುರುತಿಲ್ಲ, ಪರಚಿದ ಗೀರಿಲ್ಲ. ಹಣೆ ಮಾತ್ರ ಕೋಳಿಮೊಟ್ಟೆಯಷ್ಟು ಊದಿತ್ತು.

“ಹೆಲ್ಮೆಟ್ ಎಲ್ಲೈತ್ರಿ?”

“ಮನ್ಯಾಗ ಐತ್ರಿ. ಹೊಸಾದು. ಬಿದ್ರ ಗೀರು ಆಗ್ತೈತಂತ ಹಾಕ್ಕೊಂಡಿಲ್ಲ.”

೨. ಅತ್ತೆಯ ಕಾವಲು

ನಮ್ಮ ಮನೆ ಬಳ್ಳಾರಿಯ ಸತ್ಯನಾರಾಯಣಪೇಟೆಯಲ್ಲಿ. ನಾಯಿ ದಾಳಿಯಲ್ಲಿ ಯಾರೋ ಸತ್ತ ಸುದ್ದಿಯನ್ನು ಟಿವಿಯಲ್ಲಿ ನೋಡಿದಾಗಿನಿಂದ ನಮ್ಮತ್ತೆಗೆ ಊಟ ಸೇರುತ್ತಿರಲಿಲ್ಲ. ನಾನು ಬಸ್ಸಿಗೆ ಹೊರಟರೆ ಕೋಲು ಹಿಡಿದು ಓಣಿಯ ತಿರುವಿನವರೆಗೂ ಬರುತ್ತಿದ್ದರು.

“ಅತ್ತಿ, ಬಚ್ಚಲದಾಗ ಜಾರಿ ಬೀಳೋರ ಭಾಳ. ಮೊದ್ಲು ಆ ಪಾಚಿ ತಿಕ್ಕಿಸೋಣು” ಅಂದೆ.

“ಪಾಚಿ ಬೆನ್ನು ಹತ್ತಿ ಬರ್ತೈತೇನವಾ?”

ಮರುವಾರವೇ ಬಚ್ಚಲಲ್ಲಿ ಜಾರಿ ಬಲಗೈ ಮುರಿದುಕೊಂಡರು. ಎಲುಬಿನ ಡಾಕ್ಟರು ಪಟ್ಟಿ ಕಟ್ಟಿ ಕಳಿಸಿದರು. ನೋಡಲು ಬಂದ ಪಕ್ಕದ ಮನೆಯಾಕೆ “ಏನಾತ್ರಿ ಅವ್ವಾರ?” ಎಂದು ಕೇಳಿದಳು.

ಅತ್ತೆ ಎಡಗೈಯಿಂದ ಬೀದಿ ಕಡೆ ತೋರಿಸಿದರು. “ಆ ನಾಯಿ ಬೊಗಳ್ತು, ಗಾಬರ್ಯಾಗಿ ಬಿದ್ದೆ.”

ನಾಯಿ ಬೊಗಳಿದ್ದು ನಿಜ. ಅತ್ತೆ ಬಿದ್ದ ಸದ್ದಿಗೆ.

೩. ನನ್ನ ಸರದಿ

ಒಂದು ಬೆಳಿಗ್ಗೆ ಬಸ್ಸಿಳಿದು ಆಸ್ಪತ್ರೆಗೆ ನಡೆಯುತ್ತಿದ್ದಾಗ ಐದಾರು ನಾಯಿಗಳು ಅಡ್ಡ ನಿಂತವು. ಊರಿಗೆಲ್ಲ “ಓಡಬ್ಯಾಡ್ರಿ, ಸುಮ್ನ ನಿಲ್ರಿ” ಎಂದು ಹೇಳುವವಳು ನಾನು. ನಿಂತೆ. ನಾನು ತೊಳೆದ ಗಾಯಗಳೆಲ್ಲ ಕಣ್ಮುಂದೆ ಬಂದವು. ಅಷ್ಟರಲ್ಲಿ ಬೈಕಿನವನೊಬ್ಬ ಮೆಲ್ಲಗೆ ಬಂದ. ಕೇಳುವ ಗೊಡವೆಗೂ ಹೋಗದೆ ಹಿಂದೆ ಹತ್ತಿ ಕುಂತೆ.

“ಆಸ್ಪತ್ರಿಗೆ ನಡಿಯಣ್ಣ! ಜೋರು ಬಿಡು!”

ಅವನು ಬಿಟ್ಟ. ಲಾರಿ ಪಕ್ಕ ನುಸುಳಿದ, ಆಟೋಗೆ ಉಜ್ಜಿದ. ನಾನು ಕಣ್ಣು ಮುಚ್ಚಿ ಮನೆದೇವರನ್ನು ನೆನೆದೆ. ಕಣ್ಣು ತೆರೆದರೆ ಆಸ್ಪತ್ರೆಯ ಗೇಟು ಹಿಂದೆ ಹೋಗಿತ್ತು! ಕೊನೆಗೆ ಯಾರದೋ ಹೊಸ ಮನೆ ಮುಂದಿನ ಮರಳಿನ ಗುಡ್ಡೆಗೆ ನುಗ್ಗಿ ಗಾಡಿ ನಿಂತಿತು. ಇಬ್ಬರಿಗೂ ಏನೂ ಆಗಿರಲಿಲ್ಲ. ಬಾಯೊಳಗಿನ ಮರಳು ಉಗುಳಿ ಕೂಗಾಡಿದೆ.

“ಏನಪ್ಪಾ ನೀನು, ಬ್ರೇಕ್ ಹಿಡೀಬಾರ್ದೇನು?”

ಅವನು ತಲೆಯ ಮರಳು ಝಾಡಿಸಿಕೊಂಡ.

“ಬ್ರೇಕ್ ಎಲ್ಲೈತ್ರಿ ಅಕ್ಕಾರ? ಅದನ್ನ ಮಾಡ್ಸಾಕಂತನ ಗ್ಯಾರೇಜಿಗೆ ಮೆಲ್ಲಕ ಹೊಂಟಿದ್ದೆ. ಜೋರು ಬಿಡು ಅಂದೋರು ನೀವ!”